ನನಗೆ ಕೇಳದ ಬಳೆಗಳು

ನಾನು ಹೊಟ್ಟೆಪಾಡಿಗೆ ಯಂತ್ರಗಳ ನಡುಕ ಅಳೆಯುವವನು. ಮಸ್ಕತ್ತಿನಾಚೆ ಬಾತಿನಾ ಕರಾವಳಿಯಲ್ಲಿ, ಸುವೈಕ್‌ಗೆ ಹೋಗುವ ದಾರಿಯಲ್ಲಿ, ಕಡಲ ನೀರನ್ನು ಕುಡಿಯುವ ನೀರಾಗಿಸುವ ಘಟಕವೊಂದಿದೆ. ಅಲ್ಲಿನ ಪಂಪುಗಳ ಬೇರಿಂಗಿನ ಮೇಲೆ ಸಣ್ಣದೊಂದು ಸೆನ್ಸರ್ ಅಂಟಿಸುತ್ತೇನೆ. ಅದು ಕಳಿಸುವ ನಡುಕ ಪರದೆಯ ಮೇಲೆ ಗೆರೆಗಳಾಗಿ ಬಿಚ್ಚಿಕೊಳ್ಳುತ್ತದೆ. ಯಾವ ಪಂಪು ಇನ್ನೆರಡು ತಿಂಗಳು ಓಡೀತು, ಯಾವುದನ್ನು ಈ ವಾರವೇ ನಿಲ್ಲಿಸಬೇಕು ಎಂದು ಆ ಗೆರೆ ನೋಡಿ ಹೇಳುವುದು ನನ್ನ ಕೆಲಸ. ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ನಾನು ನಿಲ್ಲಿಸಿ ಎಂದ ಪಂಪನ್ನು ಬಿಚ್ಚಿದಾಗ ಒಳಗೆ ಏಟು ಕಾಣದೇ ಇದ್ದದ್ದು ತೀರ ಅಪರೂಪ.

ಮೊದಲು ಹೀಗಿರಲಿಲ್ಲ. ಊರ ಕಡೆ, ಬಾಗಲಕೋಟೆ ಸೀಮೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಾಗ ನಮ್ಮ ಬಳಿ ಸೆನ್ಸರೂ ಇರಲಿಲ್ಲ, ಪರದೆಯೂ ಇರಲಿಲ್ಲ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿಕೊಂಡರೆ ಒಳಗಿನ ಗುಂಡುಗಳ ಸದ್ದು ಸೀದಾ ತಲೆಗೆ ಬರುತ್ತಿತ್ತು. ಅದಕ್ಕಾಗಿ ಸದ್ದು ತಡೆಯಲು ಕಿವಿಗೆ ಮುಚ್ಚಿಕೊಂಡ ಮಫ್ ತೆಗೆಯಬೇಕು. ನಾನು ತೆಗೆಯುತ್ತಿದ್ದೆ, ಹಲವು ಸಲ ಮತ್ತೆ ಹಾಕಿಕೊಳ್ಳುವುದನ್ನೇ ಮರೆಯುತ್ತಿದ್ದೆ. ಆ ವಯಸ್ಸಿನಲ್ಲಿ ನನ್ನ ಕಿವಿಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಆ ಹೆಮ್ಮೆಯೇ ನನ್ನನ್ನು ಹಾಡುಗಳ ಕಡೆಗೆ ತಂದದ್ದು. ಮಸ್ಕತ್ತಿನ ಅಲ್ ಖೌದ್‌ನ ನಮ್ಮ ಫ್ಲ್ಯಾಟಿನಲ್ಲಿ, ಮಗಳು ಓದಲು ಊರಿಗೆ ಹೋದ ಮೇಲೆ, ಅವಳ ಕೋಣೆ ಖಾಲಿಯಾಯಿತು. ಗೋಡೆಗಳಿಗೆ ಹಳೆಯ ಗಾದಿ, ಕೌದಿ ನೇತುಹಾಕಿ, ಎರಡು ಮೈಕು, ಎರಡು ಸ್ಪೀಕರು, ಒಂದು ಲ್ಯಾಪ್‌ಟಾಪು ಇಟ್ಟುಕೊಂಡು ನಾನು ಹಾಡುಗಳ ಮಿಕ್ಸಿಂಗ್ ಶುರು ಮಾಡಿದೆ. ಮಸ್ಕತ್ತಿನ ಕನ್ನಡದವರ ಕಾರ್ಯಕ್ರಮಗಳಿಗೆ ಬೇಕಾದ ಹಾಡು, ಮಕ್ಕಳ ಕುಣಿತದ ಟ್ರ್ಯಾಕು, ಭಜನೆ, ಎಲ್ಲವೂ ನನ್ನ ಕೋಣೆಯಿಂದಲೇ ಹೋಗುತ್ತಿದ್ದವು. ಒಂದೊಂದು ದನಿಯನ್ನೂ ಎಷ್ಟು ಮುಂದೆ ತರಬೇಕು, ಎಷ್ಟು ಹಿಂದೆ ಸರಿಸಬೇಕು ಎಂದು ಕೂತು ಹೊಂದಿಸುವುದು ನನಗೆ ರಜೆಯ ದಿನದ ಊಟದಷ್ಟೇ ಇಷ್ಟ. ನನ್ನ ಮಿಕ್ಸು ಬಹಳ ಸ್ಪಷ್ಟವಾಗಿರುತ್ತದೆ ಎಂದು ಜನ ಹೇಳುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ನನ್ನ ಹೆಂಡತಿ ಕೆಲಸ ಮಾಡುವ ಶಾಲೆಯ ಇನ್ನೊಬ್ಬ ಟೀಚರಿನ ತಾಯಿ ಮಗಳ ಮನೆಗೆ ಬಂದರು. ಗದಗ ಕಡೆಯ ಹಳ್ಳಿಯವರು, ವಿಸಿಟ್ ವೀಸಾ, ಮೂರು ತಿಂಗಳು. ಮಗಳ ಮನೆ ಅಲ್ ಖುವೈರ್‌ನಲ್ಲಿ, ಹೆದ್ದಾರಿಗೆ ಮುಖ ಮಾಡಿದ ಐದನೆಯ ಮಹಡಿ. ಎಪ್ಪತ್ತು ದಾಟಿದ ಆ ಅಜ್ಜಿಗೆ ಬೀಸುವ ಹಾಡು, ಸೋಬಾನೆ, ತೊಟ್ಟಿಲ ಹಾಡು ಎಷ್ಟು ಬರುತ್ತವೆ ಎಂದರೆ ಅವರಿಗೇ ಲೆಕ್ಕವಿಲ್ಲ. ಊರಿಗೆ ಹೋಗುವಾಗ ಹತ್ತು ಹಾಡು ರೆಕಾರ್ಡ್ ಮಾಡಿಸಿಕೊಂಡು ಒಯ್ಯಬೇಕು, ಜೊತೆಗೆ ಹಾಡುತ್ತಿದ್ದ ತಂಗಿಗೂ ಓಣಿಯ ಹೆಂಗಸರಿಗೂ ಕೇಳಿಸಬೇಕು ಎಂಬ ಆಸೆ ಅವರದು. ನನ್ನ ಹೆಂಡತಿ ನನ್ನ ಪರವಾಗಿ ತಾನೇ ಒಪ್ಪಿಕೊಂಡು ಬಂದಿದ್ದಳು.

ಒಂದು ಶುಕ್ರವಾರ ಬೆಳಿಗ್ಗೆ ಅವರನ್ನು ಕರೆತಂದೆವು. ಮೈಕಿನ ಮುಂದೆ ಕೂರಿಸಿ, ಹಾಡಿ ಎಂದೆ. ಅಜ್ಜಿ ಬಾಯಿ ತೆರೆದರು, ಎರಡು ಸಾಲು ಹಾಡಿದರು, ನಿಂತರು.

“ಆಗವಲ್ದೋ ತಮ್ಮಾ. ಕೈ ಸುಮ್ಮನ ಕುಂತ್ರ ಹಾಡು ಬರಂಗಿಲ್ಲ.”

“ಕೈಗೆ ಏನು ಬೇಕ್ರೀ ಅಮ್ಮಾರ?”

“ಬೀಸುಕಲ್ಲು ಐತೇನು ನಿಮ್ಮ ಮನ್ಯಾಗ?”

ಮಸ್ಕತ್ತಿನ ಫ್ಲ್ಯಾಟಿನಲ್ಲಿ ಬೀಸುಕಲ್ಲು ಎಲ್ಲಿಂದ ತರುವುದು? ಹೆಂಡತಿ ಅಡುಗೆಮನೆಯಿಂದ ಲಟ್ಟಣಿಗೆ ತಂದು ಕೊಟ್ಟಳು. ಅಜ್ಜಿ ಕುರ್ಚಿ ಬಿಟ್ಟು ನೆಲಕ್ಕೆ ಕೂತು, ಲಟ್ಟಣಿಗೆಯನ್ನು ನೆಟ್ಟಗೆ ಹಿಡಿದು, ಕಂಬಳಿಯ ಮೇಲೆ ಬೀಸುಕಲ್ಲಿನ ಗೂಟದ ಹಾಗೆ ಸುತ್ತ ತಿರುಗಿಸತೊಡಗಿದರು. ಹಾಡು ತಾನಾಗಿ ಬಂತು. ನಾನು ಮೈಕುಗಳನ್ನು ನೆಲದ ಮಟ್ಟಕ್ಕೆ ಇಳಿಸಿದೆ, ಒಂದನ್ನು ಬಾಯಿಯ ನೇರಕ್ಕೆ, ಇನ್ನೊಂದನ್ನು ಸ್ವಲ್ಪ ದೂರಕ್ಕೆ. ಸದ್ದು ಬರಬಾರದೆಂದು ಏಸಿ ನಿಲ್ಲಿಸಿದ್ದೆವು. ಮೇ ತಿಂಗಳ ಸೆಕೆಯಲ್ಲಿ ಅಜ್ಜಿಯ ಹಣೆಯಿಂದ ಬೆವರು ಇಳಿಯುತ್ತಿತ್ತು, ಆದರೆ ಅವರು ಬೇಸರಪಡಲಿಲ್ಲ. ಒಂದೇ ತೊಂದರೆ. ಬಂದ ತಿಂಗಳಲ್ಲೇ ಕೆಳಗಿನ ಕಿರಾಣಿ ಅಂಗಡಿಯವನಿಂದ ಒಂದು ಅರಬ್ಬಿ ಮಾತು ಕಲಿತಿದ್ದರು. ಹಾಡಿನ ಕೊನೆಯ ಸ್ವರ ಗಾಳಿಯಲ್ಲಿ ಕರಗುವ ಮೊದಲೇ “ಖಲಾಸ್!” ಎಂದು ಬಿಡುತ್ತಿದ್ದರು. ಎಷ್ಟು ಹೇಳಿದರೂ ನಿಲ್ಲಲಿಲ್ಲ. ಹತ್ತು ಹಾಡಿನ ಬಾಲದಿಂದಲೂ ನಾನು ಖಲಾಸ್ ಕತ್ತರಿಸಬೇಕಾಯಿತು.

ಶ್ರುತಿ ಹಿಡಿದಿಡಲು ಹಿಂದೆ ಕೀಬೋರ್ಡಿನ ಒಂದು ಮೆಲ್ಲನೆಯ ದನಿ ಬೇಕೆನಿಸಿತು. ಅದಕ್ಕೆ ನನ್ನ ಗೆಳೆಯನೊಬ್ಬ ಇದ್ದಾನೆ. ಮಂಗಳೂರಿನ ಕ್ಯಾಥೊಲಿಕ್, ಮನೆಮಾತು ಕೊಂಕಣಿ, ಅಲ್ ಖುವೈರ್‌ನ ಕಂಪೆನಿಯೊಂದರ ಆಫೀಸಿನಲ್ಲಿ ಕೆಲಸ, ಚರ್ಚಿನ ಗಾಯನ ತಂಡಕ್ಕೆ ಕೀಬೋರ್ಡ್ ನುಡಿಸುತ್ತಾನೆ. ನನಗಿಂತ ಹತ್ತು ವರ್ಷ ಚಿಕ್ಕವನು. ಒಂದು ಶನಿವಾರ ಬಂದು ಹತ್ತೂ ಹಾಡಿಗೆ ನುಡಿಸಿ ಹೋದ. ಆ ವಾರವೆಲ್ಲ ಕೆಲಸದಿಂದ ಬಂದ ಮೇಲೆ ಕೂತು ನಾನು ಮಿಕ್ಸ್ ಮುಗಿಸಿದೆ. ಅಜ್ಜಿಯ ದನಿ ಮಂಕಾಗಿದೆ ಎನಿಸಿತ್ತು. ಮೇಲಿನ ಸ್ವರಗಳನ್ನು ಏರಿಸಿ ಅದಕ್ಕೆ ಹೊಳಪು ಕೊಟ್ಟೆ. ನನ್ನ ಮಟ್ಟಿಗೆ ಅದು ನಾನು ಮಾಡಿದ ಅತ್ಯುತ್ತಮ ಕೆಲಸವಾಗಿತ್ತು.

ಮುಂದಿನ ಶುಕ್ರವಾರ ಅಜ್ಜಿಯನ್ನೂ ಗೆಳೆಯನನ್ನೂ ಕರೆದು, ಇಬ್ಬರನ್ನೂ ಸ್ಪೀಕರಿನ ಮುಂದೆ ಕೂರಿಸಿ ಹಾಕಿದೆ. ಅಜ್ಜಿ ಒಂದು ಹಾಡು ಪೂರ್ತಿ ಕೇಳಿದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿದರು.

“ಅಲ್ಲವಾ, ನನ್ನ ಬಾಯಾಗ ಹಾವು ಹೊಕ್ಕಾವೇನು? ಸ ಅಂದಲ್ಲೆಲ್ಲ ಬುಸ್ ಅಂತೈತಿ.”

ಹೆಂಡತಿ ನಕ್ಕಳು. ನಾನು ನಗಲಿಲ್ಲ. “ತಮ್ಮ ದನಿ ತಮಗ ಯಾರಿಗೂ ಸೇರಂಗಿಲ್ರೀ ಅಮ್ಮಾರ. ಮೊದಲನೆ ಸಲ ಕೇಳಿದವ್ರೆಲ್ಲಾ ಹಿಂಗ ಅಂತಾರ” ಎಂದೆ. ಅದು ಸುಳ್ಳೂ ಅಲ್ಲ. ಆದರೆ ಗೆಳೆಯ ನನ್ನ ಮಾತಿಗೆ ತಲೆಯಾಡಿಸದೆ ಸ್ಪೀಕರನ್ನೇ ನೋಡುತ್ತಿದ್ದ.

“ನೀವು ಎಂತ ಹೇಳ್ತೀರಿ?” ಎಂದು ಅವನ ಕನ್ನಡದಲ್ಲೇ ಕೇಳಿದೆ.

“ಬೇಜಾರು ಮಾಡ್ಬೇಡಿ ಮಾರಾಯ್ರೆ. ಸ್ವಲ್ಪ ಕಿವಿಗೆ ಚುಚ್ತದೆ. ಮತ್ತೆ ಆ ಬಳೆ ಉಂಟಲ್ಲ, ಅದು ಚಂದ ಉಂಟು, ತಾಳದ ಹಾಗೆ ಬರ್ತದೆ. ಆದ್ರೆ ಜಾಸ್ತಿಯಾಯ್ತು. ಅಜ್ಜಿಯ ದನಿಗಿಂತ ಬಳೆಯೇ ಮುಂದೆ ಕೂತಿದೆ.”

“ಯಾವ ಬಳೆ?” ಎಂದೆ.

ಅವನು ತಮಾಷೆ ಎಂದುಕೊಂಡು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. ಅಜ್ಜಿ ತಮ್ಮ ಎರಡೂ ಕೈ ಮೇಲೆತ್ತಿ ತೋರಿಸಿದರು. ಒಂದೊಂದು ಕೈಯಲ್ಲೂ ಡಜನಿನಷ್ಟು ಹಸಿರು ಗಾಜಿನ ಬಳೆ. ಲಟ್ಟಣಿಗೆ ಸುತ್ತುವಾಗ ಅವು ಪ್ರತಿ ಸುತ್ತಿಗೂ ಒಮ್ಮೆ ಝಲ್ ಎಂದಿವೆ, ಮೈಕು ಅದನ್ನು ಹಿಡಿದಿದೆ. ಒಂದು ವಾರ, ದಿನಕ್ಕೆ ಎರಡು ಮೂರು ತಾಸು, ಅದೇ ಹಾಡುಗಳನ್ನು ಕೇಳಿದ ನನಗೆ ಬಳೆಯ ಸದ್ದು ಒಮ್ಮೆಯೂ ಕೇಳಿರಲಿಲ್ಲ.

ಮಾತು ಬೆಳೆಸದೆ ಹಾಡಿನ ಚಿತ್ರ ತೆಗೆದೆ. ಸದ್ದನ್ನು ಚಿತ್ರವಾಗಿ ತೋರಿಸುವ ಸಲಕರಣೆ ನನ್ನ ಮಿಕ್ಸಿಂಗ್ ಪ್ರೋಗ್ರಾಮಿನಲ್ಲಿ ಮೊದಲಿನಿಂದಲೂ ಇತ್ತು. ಎಡದಿಂದ ಬಲಕ್ಕೆ ಕಾಲ ಸರಿಯುತ್ತದೆ. ಕೆಳಗೆ ಗಡಸು ಸ್ವರ, ಮೇಲೆ ಹೋದಂತೆ ಸಣ್ಣ ಸ್ವರ, ಸದ್ದು ಹೆಚ್ಚಿದ್ದಲ್ಲಿ ಬೆಳಕು ಹೆಚ್ಚು. ಇಡೀ ದಿನ ಪಂಪುಗಳ ಇಂಥದೇ ಚಿತ್ರ ನೋಡಿ ಬರುವ ನಾನು ಮನೆಯಲ್ಲಿ ಅದನ್ನು ತೆರೆಯುತ್ತಲೇ ಇರಲಿಲ್ಲ. ಸಂಗೀತಕ್ಕೆ ಕಿವಿ ಸಾಕು, ಯಂತ್ರಕ್ಕೆ ಮಾತ್ರ ಮೀಟರು ಎಂಬ ಜಂಬ. ಪರದೆಯ ಕೆಳಗಡೆ ಅಜ್ಜಿಯ ದನಿ ಅಲೆಅಲೆಯಾಗಿ ಹರಿದಿತ್ತು. ಅದರ ಬಹಳ ಮೇಲೆ, ಒಂದೇ ಸಮ ಅಂತರದಲ್ಲಿ, ಬೇಲಿಯ ಗೂಟ ನೆಟ್ಟಂತೆ ಬೆಳ್ಳನೆಯ ಗೆರೆಗಳು. ಒಂದು ಸುತ್ತಿಗೆ ಒಂದು ಗೆರೆ. ನಾನು ಹೊಳಪು ಎಂದು ಏರಿಸಿದ್ದು ಅವುಗಳನ್ನೇ.

ಇಂಥ ಅನುಮಾನ ಬಂದಾಗ ಪರೀಕ್ಷೆ ಮಾಡದೆ ಮುಂದೆ ಹೋಗುವುದು ನನ್ನ ಕಸುಬಿನಲ್ಲಿ ಇಲ್ಲ. ಒಂದೇ ಸ್ವರವನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಏರಿಸುತ್ತ ಹೋಗುವ ಒಂದು ಸದ್ದನ್ನು ಹಾಕಿದೆ. ಹೆಂಡತಿ, ಗೆಳೆಯ, ನಾನು, ಮೂವರೂ ಕೈ ಎತ್ತಿ ನಿಂತೆವು. ಕೇಳುವುದು ನಿಂತ ಕೂಡಲೇ ಕೈ ಇಳಿಸಬೇಕು. ಸ್ವರ ಏರಿತು, ಸೀಟಿಯಾಯಿತು, ಸಣ್ಣಗಾಯಿತು. ಆರು ಸಾವಿರ ಹರ್ಟ್ಜ್ ತಲುಪುವ ಮೊದಲೇ ನನಗೆ ಕೋಣೆ ನಿಶ್ಶಬ್ದವಾಯಿತು. ಕೈ ಇಳಿಸಿ ಉಳಿದಿಬ್ಬರನ್ನು ನೋಡಿದೆ. ಇಬ್ಬರ ಕೈಗಳೂ ಮೇಲೇ ಇದ್ದವು. ಪರದೆಯ ಮೇಲೆ ಅಂಕಿ ಏರುತ್ತಲೇ ಇತ್ತು. ಅವರು ನನ್ನನ್ನು ನೋಡುತ್ತ, ಕೇಳುತ್ತ ನಿಂತೇ ಇದ್ದರು. ಅಷ್ಟು ಉದ್ದದ ಅರ್ಧ ನಿಮಿಷ ನಾನು ಕಂಡಿಲ್ಲ.

ಗೆಳೆಯ ಅಜ್ಜಿಯನ್ನು ಬಿಟ್ಟುಬರಲು ಹೋದ. ಹೆಂಡತಿ ಬಾಗಿಲ ಬಳಿಯೇ ನಿಂತಿದ್ದಳು.

“ಮೈಕ್ರೋವೇವ್ ಬೀಪ್ ಅಂದ್ರ ನಿಮಗ ಕೇಳಂಗಿಲ್ಲೇನು?” ಎಂದು ಕೇಳಿದಳು.

“ಅದು ಬೀಪ್ ಅಂತೈತೇನು?”

ಅವಳು ಕುರ್ಚಿ ಎಳೆದು ಕೂತಳು. “ನೀವು ಬೇಕಂತಲೇ ಎದ್ದು ಬರಂಗಿಲ್ಲ ಅಂತ ತಿಳಕೊಂಡಿದ್ದೆ ನಾನು. ಎರಡು ವರ್ಷಾತು. ಸಿಟ್ಟು ಮಾಡಕೊಂಡು ನಾನೇ ಎದ್ದು ಹೋಗ್ತಿದ್ದೆ.”

“ಹೇಳಬೇಕಿತ್ತಲ್ಲ.”

“ಏನಂತ ಹೇಳಲಿ? ಊರ ಮಂದಿಗೆಲ್ಲಾ ಕಿವಿ ಅಂದ್ರ ನಿಮ್ಮದ ಕಿವಿ.”

ಆ ದಿನ ನನಗಾದದ್ದು ದುಃಖಕ್ಕಿಂತ ನಾಚಿಕೆ. ಐದು ವರ್ಷ ನಾನು ಮಾಡಿಕೊಟ್ಟ ಮಿಕ್ಸುಗಳನ್ನೆಲ್ಲ ಒಂದೊಂದಾಗಿ ಅದೇ ಪ್ರೋಗ್ರಾಮಿನಲ್ಲಿ, ಗಡಸು ಸ್ವರದಿಂದ ಸಣ್ಣ ಸ್ವರದವರೆಗೆ ಎಡದಿಂದ ಬಲಕ್ಕೆ ಒಂದೇ ಗೆರೆಯಾಗಿ ತೋರಿಸುವ ಇನ್ನೊಂದು ಸಲಕರಣೆಯಲ್ಲಿ ತೆರೆದು ನೋಡಿದೆ. ಮೊದಲ ವರ್ಷದವು ಸರಿಯಾಗಿದ್ದವು. ಆಮೇಲಿನವುಗಳಲ್ಲಿ ಗೆರೆಯ ಬಲತುದಿ, ಅಂದರೆ ಸಣ್ಣ ಸ್ವರಗಳ ಭಾಗ, ವರ್ಷದಿಂದ ವರ್ಷಕ್ಕೆ ಮೆಟ್ಟಿಲು ಹತ್ತಿತ್ತು. ನನ್ನ ಕಿವಿ ಎಷ್ಟೆಷ್ಟು ಕಳೆದುಕೊಂಡಿತೋ ಅಷ್ಟಷ್ಟನ್ನೂ ನಾನು ಹಾಡಿಗೆ ಸುರಿದಿದ್ದೆ. ಜನ ಸ್ಪಷ್ಟ ಎಂದದ್ದು ಬಹುಶಃ ಮರ್ಯಾದೆಗೆ.

ವಾರದೊಳಗೆ ಕಿವಿಯ ಡಾಕ್ಟರ ಬಳಿ ಹೋದೆ. ಸಣ್ಣ ಪೆಟ್ಟಿಗೆಯಂಥ ಕೋಣೆ, ಹೆಡ್‌ಫೋನು, ಸದ್ದು ಕೇಳಿದಾಗ ಒತ್ತಲು ಒಂದು ಗುಂಡಿ. ಹೊರಬಂದಾಗ ಡಾಕ್ಟರು ಕಾಗದವೊಂದನ್ನು ಮೇಜಿನ ಮೇಲಿಟ್ಟು ವಿವರಿಸಲು ಹೊರಟರು. ಬೇಡ ಎಂದೆ. ಗೆರೆ ಓದುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೂರು ಸಾವಿರದವರೆಗೆ ಗೆರೆ ಸಮತಟ್ಟು, ಅಲ್ಲಿಂದಾಚೆ ಬಾವಿಗೆ ಇಳಿದಂತೆ ಇಳಿದಿತ್ತು. ಎಡಗಿವಿ ಇನ್ನೂ ಕೆಳಗೆ. ಬಲಗಿವಿಗೆ ಸ್ಕ್ರೂಡ್ರೈವರ್ ಆನಿಸುತ್ತಿದ್ದ ಹೊತ್ತಿನಲ್ಲಿ ಕಬ್ಬು ಅರೆಯುವ ಗಿರಣಿಯ ಕಡೆಗೆ ತೆರೆದಿರುತ್ತಿದ್ದದ್ದು ಆ ಎಡಗಿವಿಯೇ. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರು. ಮಾತಿಗೆ ಸದ್ಯಕ್ಕೆ ತೊಂದರೆಯಿಲ್ಲ, ಬೇಕಾದಾಗ ಶ್ರವಣಯಂತ್ರ ಹಾಕಿಸೋಣ ಎಂದರು.

ಕಾರಿನಲ್ಲಿ ಕೂತು ಆ ಕಾಗದವನ್ನು ಬಹಳ ಹೊತ್ತು ನೋಡಿದೆ. ಒಂದು ಪಂಪು ಹೀಗೆ ಗೆರೆ ತೋರಿಸಿದ್ದರೆ ನಾನೇನು ಮಾಡುತ್ತಿದ್ದೆ? ಎಸೆಯುತ್ತಿರಲಿಲ್ಲ. ಎಲ್ಲಿ ಬಲವಿದೆ, ಎಲ್ಲಿ ಇಲ್ಲ ಎಂದು ಬರೆದಿಟ್ಟುಕೊಂಡು, ಅದಕ್ಕೆ ತಕ್ಕಂತೆ ಓಡಿಸುತ್ತಿದ್ದೆ. ಮೂರು ಸಾವಿರದ ಕೆಳಗೆ ನನ್ನ ಕಿವಿ ಇನ್ನೂ ಚೊಕ್ಕ. ಅದರ ಮೇಲಿನದನ್ನು ಕಣ್ಣು ನೋಡಿಕೊಳ್ಳಲಿ. ಮನೆಗೆ ಬರುವಷ್ಟರಲ್ಲಿ ಮಿಕ್ಸನ್ನು ಮತ್ತೆ ಮೊದಲಿನಿಂದ ಮಾಡುವುದೆಂದು ತೀರ್ಮಾನಿಸಿಯಾಗಿತ್ತು. ಅಜ್ಜಿ ಊರಿಗೆ ಹೊರಡಲು ಇನ್ನು ಹದಿನೈದು ದಿನವಿತ್ತು.

ಮೊದಲ ಪ್ರಯತ್ನ ಕೆಟ್ಟಿತು. ಹೆಸರಾಂತ ಗಾಯಕಿಯೊಬ್ಬರ ಒಳ್ಳೆಯ ರೆಕಾರ್ಡಿಂಗನ್ನು ಪಕ್ಕದಲ್ಲಿಟ್ಟುಕೊಂಡು, ಅದರ ಗೆರೆಗೆ ಅಜ್ಜಿಯ ಗೆರೆಯನ್ನು ಕೂದಲೆಳೆಯೂ ತಪ್ಪದಂತೆ ಹೊಂದಿಸಿದೆ. ಪರದೆಯ ಮೇಲೆ ಎರಡೂ ಒಂದರ ಮೇಲೊಂದು ಕೂತಿದ್ದವು. ಅಲ್ ಖುವೈರ್‌ಗೆ ಹೋಗಿ ಅಜ್ಜಿಗೆ ಕೇಳಿಸಿದೆ.

“ಚಲೋ ಐತಿ” ಎಂದರು ಅಜ್ಜಿ. “ಹಾವೂ ಇಲ್ಲ. ಯಾರು ಹಾಡ್ಯಾರ?”

ವಾಪಸು ಬರುವಾಗ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನನ್ನನ್ನು ನಾನೇ ಬೈದುಕೊಂಡೆ. ಒಂದು ಪಂಪಿನ ಗೆರೆಯನ್ನು ಇನ್ನೊಂದು ಪಂಪಿನ ಗೆರೆಗೆ ಹೋಲಿಸಬೇಡಿ, ಅದೇ ಪಂಪು ಸರಿಯಾಗಿದ್ದ ದಿನದ ಗೆರೆಗೆ ಹೋಲಿಸಿ ಎಂದು ಕೈಕೆಳಗಿನ ಎಂಜಿನಿಯರುಗಳಿಗೆ ಹೇಳಿ ಹೇಳಿ ನನ್ನ ನಾಲಗೆ ಸವೆದಿತ್ತು. ಅಜ್ಜಿಗೆ ಹೋಲಿಕೆ ಅಜ್ಜಿಯೇ. ಮರುದಿನ ಮತ್ತೆ ಹೋಗಿ, ಅವರ ಮನೆಯ ಹಾಲಿನಲ್ಲಿ, ಎದುರು ಕೂತವರಿಗೆ ಕೇಳುವಷ್ಟು ದೂರದಲ್ಲಿ ಒಂದೇ ಮೈಕಿಟ್ಟು, ಬರೀ ಮಾತಾಡಿಸಿದೆ, ಎರಡು ಹಾಡು ಹಾಡಿಸಿದೆ. ಅದಕ್ಕೆ ಯಾವ ಹೊಳಪೂ ಕೊಡಲಿಲ್ಲ. ಅದರ ಚಿತ್ರದಲ್ಲಿ ಬುಡದಲ್ಲೊಂದು ಮಂಜಿನ ಪಟ್ಟಿಯಿತ್ತು, ಕೆಳಗಿನ ವಾಹನಗಳ ಮೊರೆತ. ಅದನ್ನು ಕತ್ತರಿಸಿದ ಮೇಲೆ ಉಳಿದದ್ದೇ ನನಗೆ ಬೇಕಾದ ಅಳತೆಗೋಲು.

ಈಗ ಕೆಲಸ ಸರಾಗವಾಯಿತು. ಕೆಳಗಿನ, ನಡುವಿನ ಸ್ವರಗಳನ್ನು ಕಿವಿಯಿಂದಲೇ ಹೊಂದಿಸಿದೆ. ಮೇಲಿನ ಭಾಗಕ್ಕೆ ಬಂದಾಗ ಸ್ಪೀಕರನ್ನೇ ನಂಬದೆ ಗೆರೆಯನ್ನು ಹಿಡಿದು ನಡೆದೆ. ಸ, ಶ ಬಂದಲ್ಲಿ ಚಿತ್ರದಲ್ಲಿ ಮೋಡದಂಥ ಕಲೆಗಳು ಏಳುತ್ತಿದ್ದವು. ಒಂದೊಂದನ್ನೂ ಹುಡುಕಿ ಅಜ್ಜಿಯ ಸಹಜ ಮಾತಿನ ಮಟ್ಟಕ್ಕೆ ಇಳಿಸಿದೆ. ಹೆಂಡತಿಯನ್ನು ಕರೆದು, ಚೆನ್ನಾಗಿದೆಯೇ ಎಂದು ಕೇಳುವುದನ್ನು ಬಿಟ್ಟು, “ಇಲ್ಲಿ ಸ ಚುಚ್ಚತೈತೇನು, ಇಲ್ಲೇನು?” ಎಂದು ಒಂದೇ ಪ್ರಶ್ನೆ ಕೇಳಿದೆ. ಅವಳ ಉತ್ತರಕ್ಕೂ ಗೆರೆಗೂ ಸರಿಹೊಂದದ ಜಾಗ ಇಡೀ ಹತ್ತು ಹಾಡಿನಲ್ಲಿ ಎರಡೇ ಸಿಕ್ಕವು. ಎರಡರಲ್ಲೂ ಅವಳ ಮಾತನ್ನೇ ಉಳಿಸಿದೆ.

ಬಳೆಗಳನ್ನು ಏನು ಮಾಡುವುದು ಎಂಬುದು ಮಾತ್ರ ನಾನೊಬ್ಬನೇ ತೀರ್ಮಾನಿಸುವಂಥದಲ್ಲ ಎನಿಸಿತು. ಪೂರ್ತಿ ಅಳಿಸಿದ್ದೊಂದು, ಹಿಂದೆ ಸರಿಸಿದ್ದೊಂದು ತಯಾರಿಸಿ ಅಜ್ಜಿಗೆ ಎರಡನ್ನೂ ಹಾಕಿದೆ.

“ತಗೀಬ್ಯಾಡಪ್ಪಾ” ಎಂದರು. “ಬೀಸಾಕತ್ತೀನಿ ಅಂತ ಗೊತ್ತಾಗೂದ ಅದರಿಂದ. ಇಲ್ಲಾಂದ್ರ ಸುಮ್ಮನ ಕುಂತು ಹಾಡ್ಯಾಳ ಅಂತಾರ.” ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, “ನಿನಗ ಈಗೂ ಕೇಳಂಗಿಲ್ಲೇನು?”

“ಇಲ್ಲರೀ ಅಮ್ಮಾರ. ಎಲ್ಲಿ ಬರ್ತೈತಿ ಅಂತ ಕಾಣ್ತೈತಿ.”

“ಮತ್ತ ಇಷ್ಟು ಬರೋಬ್ಬರಿ ಹೆಂಗ ಇಟ್ಟಿ?”

“ಅಳದು ಇಟ್ಟೀನ್ರೀ.”

ಅಜ್ಜಿ ತಲೆಯಾಡಿಸಿದರು. ಅವರಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಎಲ್ಲ ಮುಗಿಯಿತು ಎಂದುಕೊಂಡಾಗ ಇನ್ನೊಂದು ಬಂತು. ಒಂದು ಹಾಡನ್ನು ಅಜ್ಜಿಯ ಮಗಳು ಊರಿನ ಚಿಕ್ಕಮ್ಮನ ಮೊಬೈಲಿಗೆ ಕಳಿಸಿದ್ದರು. ಅಲ್ಲಿಂದ ಫೋನು ಬಂತು. “ಪೆಟಗಿ ಕೇಳ್ತೈತಿ, ಅಕ್ಕ ಎಲ್ಲೋ ಬಾವ್ಯಾಗ ನಿಂತು ಹಾಡಿದಂಗ ಐತಿ” ಎಂದರಂತೆ. ಕೀಬೋರ್ಡನ್ನು ಅವರು ಹಾರ್ಮೋನಿಯಂ ಪೆಟ್ಟಿಗೆ ಎಂದುಕೊಂಡಿದ್ದರು. ಅಜ್ಜಿಯ ಮಗಳು ಗಾಬರಿಯಾಗಿ ನನಗೆ ಹೇಳಿದರು. ಈ ಸಲ ನನಗೆ ಗಾಬರಿಯಾಗಲಿಲ್ಲ. ಎರಡು ಸ್ಪೀಕರಿನಲ್ಲಿ ಸರಿಯಾಗಿದ್ದು ಒಂದೇ ಸ್ಪೀಕರಿನ ಮೊಬೈಲಿನಲ್ಲಿ ದನಿ ಮಾಯವಾದರೆ, ಮಿಕ್ಸಿನಲ್ಲಿ ಎಡಕ್ಕೊಂದು ಬಲಕ್ಕೊಂದು ಇಟ್ಟ ಎರಡು ಮೈಕುಗಳು ಒಂದರ ವಿರುದ್ಧ ಒಂದು ಎಳೆಯುತ್ತಿವೆ ಎಂದು ಅರ್ಥ. ಎಡಬಲಗಳ ಹೊಂದಾಣಿಕೆ ತೋರಿಸುವ ಮೀಟರು ತೆರೆದೆ. ಮುಳ್ಳು ಸೊನ್ನೆಯಿಂದ ಎಡಕ್ಕೆ ಬಿದ್ದಿತ್ತು. ಒಂದು ಮೈಕಿನ ಅಲೆಯನ್ನು ತಲೆಕೆಳಗು ಮಾಡಿದೆ, ಮುಳ್ಳು ಬಲಕ್ಕೆ ಬಂದು ನಿಂತಿತು. ಹತ್ತು ನಿಮಿಷದ ಕೆಲಸ. ನನ್ನ ಮೊಬೈಲಿನಲ್ಲಿ, ಹೆಂಡತಿಯದರಲ್ಲಿ, ಕಾರಿನಲ್ಲಿ ಹಾಕಿ ನೋಡಿ ಹತ್ತೂ ಹಾಡನ್ನು ಮತ್ತೆ ಕಳಿಸಿದೆ.

ಅಜ್ಜಿ ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ನನ್ನ ಕೈ ಹಿಡಿದುಕೊಂಡು, ತಂಗಿ ಎಲ್ಲ ಹಾಡನ್ನೂ ಕೇಳಿದಳು, ನಾಲ್ಕನೆಯದರಲ್ಲಿ ಒಂದು ಸಾಲು ಬಿಟ್ಟಿದ್ದೇನೆ ಎಂದು ಜಗಳ ತೆಗೆದಿದ್ದಾಳೆ ಎಂದರು. ದನಿಯ ಬಗ್ಗೆ ಯಾರೂ ಏನೂ ಅಂದಿರಲಿಲ್ಲ. ಮಿಕ್ಸ್ ಮಾಡುವವನಿಗೆ ಅದಕ್ಕಿಂತ ಹೆಚ್ಚೇನು ಬೇಕು?

ಅಂದಿನಿಂದ ಘಟಕದಲ್ಲಿ ನಾನು ಮಫ್ ತೆಗೆಯುವುದಿಲ್ಲ, ನನ್ನ ಕೈಕೆಳಗಿನವರು ತೆಗೆದರೆ ಕೆಲಸ ನಿಲ್ಲಿಸಿ ಹಾಕಿಸುತ್ತೇನೆ. ಹಳೆಯ ಮಿಕ್ಸುಗಳಲ್ಲಿ ಕೆಲವನ್ನು ತಿದ್ದಿ, ಯಾರೂ ಕೇಳಿಕೊಳ್ಳದಿದ್ದರೂ ಆಯಾ ಮನೆಯವರಿಗೆ ಮತ್ತೆ ಕಳಿಸಿದೆ. ಕಳೆದ ಅಕ್ಟೋಬರಿನಲ್ಲಿ ಕೀಬೋರ್ಡಿನ ಗೆಳೆಯ ತನ್ನ ತಂಡದ ನಾಲ್ವರನ್ನು ಕರೆದುಕೊಂಡು ಬಂದ. ಕ್ರಿಸ್‌ಮಸ್‌ಗೆ ಕೊಂಕಣಿ ಹಾಡುಗಳನ್ನು ರೆಕಾರ್ಡ್ ಮಾಡಬೇಕು, ಮಿಕ್ಸ್ ನಾನೇ ಮಾಡಬೇಕು. ಕಿವಿಯ ಡಾಕ್ಟರು ಕೊಟ್ಟ ಕಾಗದ ಈಗ ನನ್ನ ಪರದೆಯ ಪಕ್ಕದ ಗೋಡೆಯಲ್ಲೇ ಇದೆ. ಕೆಲಸಕ್ಕೆ ಕೂರುವ ಮೊದಲು ಅವರಿಗೆ ಅದನ್ನು ತೋರಿಸಿ, ಇಲ್ಲಿಂದಾಚೆ ನನಗೆ ಕೇಳುವುದಿಲ್ಲ, ಅದನ್ನು ಮೀಟರಿನಿಂದ ನೋಡಿಕೊಳ್ಳುತ್ತೇನೆ, ನಿಮಗೆ ಚುಚ್ಚಿದರೆ ಮುಲಾಜಿಲ್ಲದೆ ಹೇಳಿ ಎಂದೆ.

ತಂಡದ ಹಿರಿಯ ಹೆಂಗಸೊಬ್ಬರು ಕಾಗದವನ್ನೂ ನನ್ನನ್ನೂ ಒಮ್ಮೆ ನೋಡಿ, “ಕೇಳುದಿಲ್ಲದಿದ್ರೆ ಹೇಗೆ ಮಾಡ್ತೀರಿ?” ಎಂದು ಅನುಮಾನದಿಂದ ಕೇಳಿದರು.

ಗೆಳೆಯ ಉತ್ತರಿಸಲು ಬಾಯಿ ತೆರೆದ. ನಾನು ಅವನನ್ನು ತಡೆದೆ. “ಒಂದು ಹಾಡು ಹಾಡ್ರಿ, ಮಾಡಿ ತೋರಸ್ತೀನಿ” ಎಂದು ಏಸಿ ಆರಿಸಿ ಹೆಡ್‌ಫೋನ್ ಹಾಕಿಕೊಂಡೆ.